ಸೌಲಭ್ಯವೂ ಸದಾಚಾರವೂ



ಕಳೆದ ಆಷಾಢದ ಒಂದು ಸಂಜೆ, ಮಳೆಯು ತುಸು ಬಿಡುವು ಕೊಟ್ಟಿದ್ದ ವೇಳೆಯಲ್ಲಿ, ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿಹೋದ ತರುಣನೊಬ್ಬನು ಮಠಕ್ಕೆ ಬಂದನು. ಹಾಸನ ತಾಲ್ಲೂಕಿನ ಸಾಲಗಾಮೆ ಹೋಬಳಿಯ ಬೇಸಾಯದ ಮನೆತನದವನು. ಅವನ ತಂದೆ ಆಲೂಗಡ್ಡೆ ಬೆಳೆಯುತ್ತಿದ್ದವರು. ಅಂಗಮಾರಿ ರೋಗಕ್ಕೆ ಸಿಕ್ಕು ಬೆಳೆ ಕೈಬಿಟ್ಟ ಮೇಲೆ ಮುಸುಕಿನ ಜೋಳಕ್ಕೆ ತಿರುಗಿದವರು. ಮಗನು ಇಂಜಿನಿಯರಿಂಗ್ ಪದವಿ ಪಡೆದು, ಬೆಂಗಳೂರಿನಲ್ಲಿ ಕೆಲವು ವರ್ಷ ನೌಕರಿ ಮಾಡಿ, ಈಗ ಇಬ್ಬರು ಗೆಳೆಯರೊಡನೆ ಹಾಸನದಲ್ಲಿಯೇ ಒಂದು ನವೋದ್ಯಮವನ್ನು ಹೂಡಲು ಹೊರಟಿದ್ದನು. ಅದಕ್ಕೆ ಆಶೀರ್ವಾದ ಬೇಡಲೆಂದೇ ಬಂದಿದ್ದನು.

ಉದ್ಯಮವೆಂದರೆ, ಮನೆಗಳಲ್ಲಿ ಅಡುಗೆ ಮಾಡುವ ಗೃಹಿಣಿಯರಿಂದ ಮುದ್ದೆ, ಸೊಪ್ಪಿನ ಸಾರು, ಅಕ್ಕಿರೊಟ್ಟಿಗಳನ್ನು ಪಡೆದು, ಬೇಕೆಂದವರ ಬಾಗಿಲಿಗೆ ತಲುಪಿಸುವುದು. ಅದಕ್ಕಾಗಿ ಮೊಬೈಲ್ ದೂರವಾಣಿಯಲ್ಲಿ ಬಳಸುವ ಒಂದು ತಂತ್ರಾಂಶವನ್ನು, ಎಂದರೆ ಎಲ್ಲರ ಬಾಯಲ್ಲಿರುವ ಮಾತಿನಲ್ಲಿ ಒಂದು ‘ಆಪ್’ ಅನ್ನು, ಅವರು ಸಿದ್ಧಪಡಿಸಿದ್ದರು. ಇದು ಹೊಸದೇನಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. 2008ರಲ್ಲಿ ದೆಹಲಿಯಲ್ಲಿ ಬೇರೆ ಹೆಸರಿನಿಂದ ಮೊದಲಾದ ಜೊಮ್ಯಾಟೊ, 2014ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿದ ಸ್ವಿಗ್ಗಿ, ಇವೆರಡರ ಹೆಸರನ್ನು ಕೇಳದ ಮನೆ ಇಂದು ಪಟ್ಟಣಗಳಲ್ಲಿ ಇಲ್ಲ. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇರುವ ಹಾಸನದ ಸಾಲಗಾಮೆ ರಸ್ತೆಯಲ್ಲಿ ರಾತ್ರಿ ಎಂಟು ಗಂಟೆಗೆ ನಿಂತು ನೋಡಿದರೆ, ಬೆನ್ನಿಗೆ ಚೌಕನೆಯ ಚೀಲವನ್ನು ಹೊತ್ತು ದ್ವಿಚಕ್ರ ವಾಹನಗಳಲ್ಲಿ ಧಾವಿಸುವ ಹುಡುಗರು ಕಣ್ಣಿಗೆ ಬೀಳುತ್ತಾರೆ.

ತರುಣನು ಮೊಬೈಲನ್ನು ನಮ್ಮ ಮುಂದೆ ಹಿಡಿದು, “ಬುದ್ಧೀ, ಬಳಸುವವರಿಗೆ ಇದು ಸುಲಭವಾಗಿದೆಯೋ ಇಲ್ಲವೋ ತಾವೇ ನೋಡಿ ಅಪ್ಪಣೆ ಕೊಡಿಸಬೇಕು” ಎಂದನು. ನೋಡಿದೆವು. ಅಕ್ಷರಗಳು ದೊಡ್ಡವಾಗಿದ್ದವು, ಕನ್ನಡದಲ್ಲಿದ್ದವು. ಮೂರು ಬಾರಿ ಬೆರಳು ಮುಟ್ಟಿಸುವುದರೊಳಗೆ ಊಟವನ್ನು ಹೇಳಿಕಳುಹಿಸಬಹುದಾಗಿತ್ತು. ಸಂತೋಷವೆನಿಸಿತು. ಆದರೂ ಒಂದು ಮಾತನ್ನು ಕೇಳಿದೆವು: “ಮಗು, ಬಳಸುವವರು ಎಂದರೆ ಯಾರು?” ಅವನು ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, “ಊಟ ತರಿಸಿಕೊಳ್ಳುವವರು, ಬುದ್ಧೀ. ಮತ್ತಾರು?” ಎಂದನು.

ಈ ಲೇಖನವು ಹುಟ್ಟಿದ್ದು ಆ ‘ಮತ್ತಾರು?’ ಎಂಬ ಪ್ರಶ್ನೆಯಿಂದ. ಒಂದು ವಸ್ತುವನ್ನು ಬಳಸಲು ಸುಲಭವಾಗುವಂತೆ ರೂಪಿಸುವುದು ಕೇವಲ ಕುಶಲತೆಯ ವಿಷಯವೋ, ಅಥವಾ ಆಚಾರದ ವಿಷಯವೋ ಎಂಬುದನ್ನು ಓದುಗರೊಡನೆ ಕೂಡಿ ವಿಚಾರಿಸಬೇಕೆಂದು ನಮ್ಮ ಆಶಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸೌಲಭ್ಯವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕಷ್ಟಪಡುವುದೇ ಧರ್ಮ, ಸುಲಭವಾದುದೆಲ್ಲವೂ ಅಧಃಪತನ ಎಂದು ಹೇಳುವ ಹಿರಿಯರುಂಟು. ಅದು ಅವಿಚಾರದ ಮಾತು. ಅಮೆರಿಕೆಯ ವಿದ್ವಾಂಸ ಡೊನಾಲ್ಡ್ ನಾರ್ಮನ್ ಎಂಬುವರು 1988ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ದಿನಬಳಕೆಯ ವಸ್ತುಗಳ ರಚನೆಯನ್ನು ಕುರಿತು ವಿಸ್ತಾರವಾಗಿ ಚರ್ಚಿಸಿದ್ದಾರೆ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಒಬ್ಬನು ತಡವರಿಸಿದರೆ ತಪ್ಪು ಅವನದಲ್ಲ, ಬಾಗಿಲನ್ನು ರೂಪಿಸಿದವನದು ಎಂಬುದು ಅವರ ವಿಚಾರಸರಣಿ. ಇದರಲ್ಲಿ ದೊಡ್ಡದೊಂದು ನೀತಿಯಿದೆ. ಮಕ್ಕಳೆಲ್ಲ ದೂರದ ನಗರಗಳಿಗೆ ಹೋಗಿ, ಊರಿನಲ್ಲಿ ಒಂಟಿಯಾಗಿ ಉಳಿದ ವೃದ್ಧೆಯನ್ನು ನೆನೆಯಿರಿ. ಆಕೆಗೆ ಕಣ್ಣು ಮಂಜಾಗಿದೆ, ಬೆರಳು ನಡುಗುತ್ತದೆ, ಮನೆಯ ಸಂಖ್ಯೆ ಗೊತ್ತಿಲ್ಲ. ‘ಅರಳಿಕಟ್ಟೆಯ ಹಿಂದಿನ ಮನೆ’ ಎಂದು ಹೇಳಬಲ್ಲಳು ಅಷ್ಟೆ. ಆಕೆಯ ಗುರುತನ್ನು ಆಕೆಯ ಮಾತಿನಲ್ಲಿಯೇ ಒಪ್ಪಿಕೊಂಡು, ಹಣವನ್ನು ಕೈಯಲ್ಲಿಯೇ ಕೊಡಲು ಅವಕಾಶವಿತ್ತು, ಆಕೆ ತಪ್ಪು ಒತ್ತಿದರೆ ಹಿಂದಕ್ಕೆ ಬರುವ ದಾರಿ ತೋರುವ ರಚನೆಯು ಆಕೆಯನ್ನು ಗೌರವಿಸುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತು ಎದ್ದುಹೋಗಲಾರದವನಿಗೆ ಬಿಸಿ ಅನ್ನವನ್ನು ತಲುಪಿಸುವುದು ಸಾಮಾನ್ಯ ಉಪಕಾರವಲ್ಲ. ಇನ್ನೊಬ್ಬರ ಕಷ್ಟವನ್ನು ಮೊದಲೇ ಊಹಿಸಿ ಅದನ್ನು ನಿವಾರಿಸುವುದು ಅಂತಃಕರಣದ ಕೆಲಸ. ಆದುದರಿಂದ ಸೌಲಭ್ಯವು ತನ್ನ ಮೂಲದಲ್ಲಿ ಸದ್ಗುಣವೇ ಸರಿ.

ಆದರೆ ಇಲ್ಲಿ ಒಂದು ತೊಡಕುಂಟು. ಅನ್ನವು ಅಡುಗೆಮನೆಯಿಂದ ಉಣ್ಣುವವನ ಎಲೆಗೆ ಬರುವ ದಾರಿಯಲ್ಲಿರುವ ಶ್ರಮವು ಮೂರು ಸಲ ಬೆರಳು ಮುಟ್ಟಿಸಿದ ಮಾತ್ರಕ್ಕೆ ಮಾಯವಾಗುವುದಿಲ್ಲ. ಉಣ್ಣುವವನಿಂದ ಇಳಿದ ಹೊರೆಯು ಬೇರೆ ಯಾರದೋ ಹೆಗಲನ್ನು ಏರಿರುತ್ತದೆ. ಮೂರನೆಯ ಮಹಡಿಯ ಮೆಟ್ಟಿಲುಗಳನ್ನು ಇವನು ಇಳಿಯಲಿಲ್ಲವಾದರೆ ಅವನು ಹತ್ತಬೇಕಾಯಿತು. ಮಳೆಯಲ್ಲಿ ಇವನು ನೆನೆಯಲಿಲ್ಲವಾದರೆ ಅವನು ನೆನೆದನು. ಇದರಲ್ಲಿ ಅನ್ಯಾಯವೇ ಇರಬೇಕೆಂದಿಲ್ಲ. ತಕ್ಕ ಪ್ರತಿಫಲಕ್ಕೆ ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರುವುದು ಲೋಕವ್ಯವಹಾರದ ಕ್ರಮ, ಅದು ಕಾಯಕವೂ ಹೌದು. ಆದರೆ ಆ ಹೆಗಲು ಕಣ್ಣಿಗೇ ಬೀಳದಂತೆ ಮಾಡುವ ಸೌಲಭ್ಯವು ಪರೀಕ್ಷೆಗೆ ಒಳಪಡಬೇಕಾದುದು. ಮಾನವನನ್ನು ಕೇವಲ ಸಾಧನವಾಗಿ ಬಳಸಲಾಗದು, ಅವನು ಸ್ವತಃ ಸಾಧ್ಯವೂ ಆಗಿದ್ದಾನೆ ಎಂದು ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿಯೇ ಪ್ರತಿಪಾದಿಸಿದರು. ನಮ್ಮ ಶರಣರು ಅದಕ್ಕೂ ಆರು ಶತಮಾನಗಳ ಹಿಂದೆ, ಹಗ್ಗ ಹೊಸೆಯುವವನನ್ನೂ ದೋಣಿ ನಡೆಸುವವನನ್ನೂ ಅನುಭವ ಮಂಟಪದಲ್ಲಿ ಸಮಾನವಾಗಿ ಕೂರಿಸಿ ಅದನ್ನು ಬಾಳಿ ತೋರಿಸಿದರು.

ಹೊರುವವನನ್ನು ಗಮನದಲ್ಲಿರಿಸಿಕೊಂಡು ರೂಪಿಸಿದ ವ್ಯವಸ್ಥೆಗೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಮನೆಯ ಊಟವನ್ನು ಕಚೇರಿಗಳಿಗೆ ತಲುಪಿಸುತ್ತ ಬಂದವರು. ಕೊರೋನಾ ವ್ಯಾಧಿಯ ಮುಂಚೆ ಸುಮಾರು 5,000 ಮಂದಿ ಈ ಕಾಯಕದಲ್ಲಿದ್ದರು. ಇವರಲ್ಲಿ ಬಹುಜನ ಹೆಚ್ಚು ಓದಿದವರಲ್ಲ. ಆದುದರಿಂದ ಡಬ್ಬಿಯ ಮುಚ್ಚಳದ ಮೇಲೆ ಬಣ್ಣ, ಅಂಕಿ, ಕೆಲವೇ ಅಕ್ಷರಗಳ ಗುರುತುಗಳನ್ನು ಬರೆಯುವ ಪದ್ಧತಿ ಬೆಳೆಯಿತು. ಹತ್ತಬೇಕಾದ ನಿಲ್ದಾಣ ಯಾವುದು, ಇಳಿಯಬೇಕಾದುದು ಯಾವುದು, ಕಟ್ಟಡ ಯಾವುದು, ಮಹಡಿ ಯಾವುದು ಎಂಬುದೆಲ್ಲ ಆ ಗುರುತಿನಲ್ಲಿಯೇ ಅಡಗಿರುತ್ತದೆ. ಆ ಗುರುತು ಉಣ್ಣುವವನಿಗೆ ಬೇಕಾದುದಲ್ಲ. ಅದು ಇರುವುದು ಹೊರುವವನ ಕಣ್ಣಿಗಾಗಿ. ಹೊರುವವನಿಗೆ ಸುಲಭವಾದುದರಿಂದಲೇ ಉಣ್ಣುವವನಿಗೆ ಹೊತ್ತಿಗೆ ಊಟ ಸಿಕ್ಕಿತು ಎಂಬುದನ್ನು ಗಮನಿಸಬೇಕು.

ಇದನ್ನು ಹೇಳಿದಾಗ ನಮ್ಮ ತರುಣನು ತನ್ನ ತಂತ್ರಾಂಶದ ಇನ್ನೊಂದು ಭಾಗವನ್ನು ತೆರೆದನು. ಅದು ಊಟ ಒಯ್ಯುವ ಹುಡುಗನು ನೋಡಬೇಕಾದ ಭಾಗ. ಅದರಲ್ಲಿ ಅಕ್ಷರಗಳು ಸಣ್ಣವಾಗಿದ್ದವು, ಇಂಗ್ಲಿಷಿನಲ್ಲಿದ್ದವು. ಒಂದು ಕೆಂಪು ಗಡಿಯಾರ ಕೆಳಮುಖವಾಗಿ ಓಡುತ್ತಿತ್ತು. ನಿಗದಿಯಾದ ವೇಳೆಯನ್ನು ಮೀರಿದರೆ ಕೂಲಿಯಲ್ಲಿ ಹತ್ತು ರೂಪಾಯಿ ಕಡಿತವಾಗುತ್ತಿತ್ತು. ಅಡುಗೆ ಮಾಡುವ ತಾಯಿಯ ಹೆಸರಿನ ಸ್ಥಾನದಲ್ಲಿ ‘ಅಡುಗೆಮನೆ ಸಂಖ್ಯೆ 7’ ಎಂದಿತ್ತು. ಒಂದೇ ಯಂತ್ರ, ಒಂದೇ ಬುದ್ಧಿ ರೂಪಿಸಿದ್ದು. ಆದರೆ ಒಬ್ಬರ ಮುಂದೆ ಕೈಮುಗಿದು ನಿಂತಿತ್ತು, ಇನ್ನೊಬ್ಬರ ಮುಂದೆ ಕೋಲು ಹಿಡಿದು ನಿಂತಿತ್ತು.

‘ಅಡುಗೆಮನೆ ಸಂಖ್ಯೆ 7’ ಎಂಬುದನ್ನು ಕಂಡು ಅವನನ್ನು ಆಕ್ಷೇಪಿಸಲು ಬಾಯಿ ತೆರೆದೆವು. ಆದರೆ ಮಾತು ಹೊರಡಲಿಲ್ಲ. ನಮ್ಮ ಮಠದ ದಾಸೋಹದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅಡುಗೆ ಮಾಡಿದ ಹಿರಿಯರೊಬ್ಬರಿದ್ದರು. ಮಕ್ಕಳು ಅವರನ್ನು ‘ಅಡುಗೆ ಅಯ್ಯ’ ಎಂದು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅವರು ಲಿಂಗೈಕ್ಯರಾದ ದಿನ ದಾಖಲೆಯಲ್ಲಿ ಹೆಸರನ್ನು ಬರೆಯಬೇಕಾಗಿ ಬಂದಾಗ, ಅದು ಏನೆಂದು ನಾವು ಬೇರೆಯವರನ್ನು ಕೇಳಬೇಕಾಯಿತು. ಸಾವಿರಾರು ತುತ್ತುಗಳನ್ನು ಆ ಕೈಯಿಂದ ಉಂಡಿದ್ದೆವು. ದಾಸೋಹದ ಹಿರಿಮೆಯನ್ನು ಕುರಿತು ಅನೇಕ ವೇದಿಕೆಗಳಲ್ಲಿ ಉಪನ್ಯಾಸ ಮಾಡಿದ್ದೆವು. ಯಂತ್ರವಿಲ್ಲದೆಯೂ ಮನುಷ್ಯನು ಮನುಷ್ಯನನ್ನು ಮರೆಯಬಲ್ಲನೆಂಬುದಕ್ಕೆ ನಾವೇ ಸಾಕ್ಷಿ. ಆದುದರಿಂದ ಈ ದೋಷವನ್ನು ಹೊಸ ಕಾಲದ ತರುಣರ ಮೇಲೆ ಮಾತ್ರ ಹೊರಿಸುವ ಅಧಿಕಾರ ನಮಗಿಲ್ಲ. ಯಂತ್ರವು ಮಾಡುವುದಿಷ್ಟೆ: ನಮ್ಮಲ್ಲಿ ಅಭ್ಯಾಸವಾಗಿದ್ದ ಮರೆವನ್ನು ಅದು ನಿಯಮವನ್ನಾಗಿಸಿ ಊರೂರಿಗೆ ಹಂಚುತ್ತದೆ.

ಇನ್ನು ಉಣ್ಣುವವನ ಮಾತು. ಅವನಿಗಾದರೂ ಎಲ್ಲ ಸೌಲಭ್ಯವೂ ನಿಜವಾದ ಸೌಲಭ್ಯವೇ? ಹ್ಯಾರಿ ಬ್ರಿಗ್ನಲ್ ಎಂಬ ಆಂಗ್ಲ ತಜ್ಞರು 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಮಾತನ್ನು ಬಳಕೆಗೆ ತಂದರು; ನಾವು ಅದನ್ನು ಕಪಟ ವಿನ್ಯಾಸವೆನ್ನಬಹುದು. ಭಾರತ ಸರ್ಕಾರದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರವನ್ನು ಹುಟ್ಟಿಸುವುದು ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸಿಬಿಡುವುದು ಇನ್ನೊಂದು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಒಂದೊಂದೇ ಶುಲ್ಕವನ್ನು ಕೂಡಿಸುತ್ತ ಹೋಗುವುದು, ಬೇಡವೆಂದವನನ್ನು ನಾಚಿಕೆಪಡಿಸುವುದು, ಸೇರುವುದನ್ನು ಸುಲಭ ಮಾಡಿ ಬಿಟ್ಟುಹೋಗುವುದನ್ನು ದುರ್ಗಮ ಮಾಡುವುದು, ಇವೆಲ್ಲವೂ ಆ ಪಟ್ಟಿಯಲ್ಲಿವೆ. ಇವೂ ಬಹಳ ‘ಸುಲಭ’ವಾದ ರಚನೆಗಳೇ. ಇಳಿಜಾರೂ ಸುಲಭವಾದ ದಾರಿಯೇ ಅಲ್ಲವೆ? ತನಗೆ ಬೇಕಾದುದನ್ನು ಮಾಡಲು ಮನುಷ್ಯನಿಗೆ ನೆರವಾಗುವ ಸೌಲಭ್ಯ ಬೇರೆ. ಮಾರುವವನಿಗೆ ಬೇಕಾದುದನ್ನು ಅವನಿಂದ ಅರಿವಿಲ್ಲದೆಯೇ ಮಾಡಿಸುವ ಸೌಲಭ್ಯ ಬೇರೆ. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ವಿವೇಕವು ಬೇಕಾಗುವುದು ಇಲ್ಲಿಯೇ.

ಈಗ ಹೇಳುವ ಸಂಗತಿಯನ್ನು ಬರೆಯಲು ನಮಗೆ ಸಂಕೋಚವಿದೆ, ಆದರೂ ಬರೆಯಬೇಕು. ತರುಣನ ತಂತ್ರಾಂಶದಲ್ಲಿ, ಹಣ ಸಲ್ಲಿಸುವ ಪುಟದ ಕೆಳಭಾಗದಲ್ಲಿ, ಒಂದು ಚಿಕ್ಕ ಚೌಕವಿತ್ತು. ‘ಶ್ರೀಮಠದ ದಾಸೋಹಕ್ಕೆ 2 ರೂಪಾಯಿ’ ಎಂದು ಬರೆದು, ಅದಕ್ಕೆ ಮೊದಲೇ ಒಪ್ಪಿಗೆಯ ಗುರುತನ್ನು ಹಾಕಿಬಿಡಲಾಗಿತ್ತು. ಬೇಡವೆನ್ನುವವರು ಹುಡುಕಿ ಅದನ್ನು ತೆಗೆಯಬೇಕಾಗಿತ್ತು. “ಯಾರೂ ತೆಗೆಯುವುದಿಲ್ಲ ಬುದ್ಧೀ, ಎರಡು ರೂಪಾಯಿ ಯಾರ ಗಮನಕ್ಕೂ ಬರುವುದಿಲ್ಲ” ಎಂದು ಅವನು ಭಕ್ತಿಯಿಂದಲೇ ಹೇಳಿದನು. ಆ ಕ್ಷಣದಲ್ಲಿ ನಮ್ಮ ಮನಸ್ಸು ಏನು ಮಾಡಿತು ಗೊತ್ತೆ? ದಿನಕ್ಕೆ ಇಷ್ಟು ಊಟ, ತಿಂಗಳಿಗೆ ಇಷ್ಟು ಹಣ, ಅದರಿಂದ ಇಷ್ಟು ಮೂಟೆ ಅಕ್ಕಿ ಎಂದು ಲೆಕ್ಕ ಹಾಕಿತು. ವಿದ್ಯಾರ್ಥಿನಿಲಯದ ಉಗ್ರಾಣದ ಸ್ಥಿತಿ ನಮಗೆ ತಿಳಿದಿತ್ತು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಈ ಮಾಸಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದರು. ಆ ಅಕ್ಕಿ ಕದ್ದುದಾಗಿರಲಿಲ್ಲ; ದಾಸೋಹಕ್ಕೇ ತಂದುದಾಗಿತ್ತು. ಆದರೂ ಉದ್ದೇಶದ ಪಾವಿತ್ರ್ಯವು ಬಂದ ದಾರಿಯ ದೋಷವನ್ನು ತೊಳೆಯದೆಂದು ಆ ತಾಯಿ ಅರಿತಿದ್ದರು. ಕೊಡುತ್ತಿರುವೆನೆಂಬ ಅರಿವೇ ಇಲ್ಲದವನಿಂದ ಬಂದುದು ದಾನವಾಗುವುದಾದರೂ ಹೇಗೆ? ಅವನ ಗಮನ ತಪ್ಪಿದುದರಿಂದ ನಮಗೆ ಸಿಕ್ಕಿದ ಹಣ ಅದು. ಆ ಗುರುತನ್ನು ತೆಗೆದುಬಿಡುವಂತೆ ಹೇಳಿದೆವು. ಹೇಳುವಾಗ ಧ್ವನಿಯು ನಾವು ಬಯಸಿದಷ್ಟು ದೃಢವಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಪಂಚಾಚಾರಗಳಲ್ಲಿ ಸದಾಚಾರವೆಂಬುದು ಸತ್ಯಶುದ್ಧವಾದ ದುಡಿಮೆಯನ್ನು ಒಳಗೊಂಡಿದೆ, ಭೃತ್ಯಾಚಾರವು ಸಕಲರಿಗೂ ವಿನಮ್ರನಾಗಿರುವುದನ್ನು ಕಲಿಸುತ್ತದೆ. ಹಾಗೆಂದು ಊಟ ತಲುಪಿಸುವ ವ್ಯಾಪಾರವನ್ನು ದಾಸೋಹವೆಂದು ಕರೆಯುವುದು ಸರಿಯಲ್ಲ. ದಾಸೋಹದಲ್ಲಿ ಪ್ರತಿಫಲದ ಅಪೇಕ್ಷೆಯಿಲ್ಲ, ವ್ಯಾಪಾರದಲ್ಲಿ ಅದು ಇರಲೇಬೇಕು. ವ್ಯಾಪಾರಕ್ಕೆ ಸೇವೆಯ ಹೆಸರಿಟ್ಟಾಗ ಮೊದಲು ನಷ್ಟವಾಗುವುದು ದುಡಿಯುವವನ ಕೂಲಿ. ಕೂಲಿಯನ್ನು ಕೂಲಿಯೆಂದೇ ಕರೆದು ಪೂರ್ತಿಯಾಗಿ ಕೊಡುವುದರಲ್ಲಿಯೇ ಗೌರವವಿದೆ.

ತರುಣನು ಸುಮ್ಮನೆ ತಲೆಯಾಡಿಸುವವನಾಗಿರಲಿಲ್ಲ. “ಬುದ್ಧೀ, ತಾವು ಹೇಳುವುದು ನಿಜ. ಆದರೆ ನಾನು ಕಡಿತ ಮಾಡದಿದ್ದರೆ ಹುಡುಗರು ತಡಮಾಡುತ್ತಾರೆ. ತಡವಾದರೆ ಜನ ದೊಡ್ಡ ಕಂಪನಿಗಳ ಕಡೆಗೆ ಹೋಗುತ್ತಾರೆ. ಆಗ ನಾನೂ ಮುಳುಗುತ್ತೇನೆ, ಆ ಅಡುಗೆ ಮಾಡುವ ತಾಯಂದಿರ ಸಂಪಾದನೆಯೂ ಹೋಗುತ್ತದೆ. ಅಪ್ಪನ ಜಮೀನಿನ ಮೇಲೆ ಸಾಲ ತೆಗೆದಿದ್ದೇನೆ” ಎಂದನು. ಇದು ತಳ್ಳಿಹಾಕುವ ಮಾತಲ್ಲ. ಪೀಠದ ಮೇಲೆ ಕುಳಿತು ಉಪದೇಶ ಮಾಡುವವರಿಗೆ ಕಂತು ಕಟ್ಟುವ ಚಿಂತೆಯಿಲ್ಲ. ನೀತಿವಂತನಾಗಿ ನಷ್ಟಕ್ಕೆ ಗುರಿಯಾಗು ಎಂದು ಇನ್ನೊಬ್ಬರ ಮಗನಿಗೆ ಹೇಳುವುದು ಸುಲಭ. ಅದೂ ಒಂದು ಬಗೆಯ ಹೊರೆಯ ವರ್ಗಾವಣೆಯೇ.

ಆದುದರಿಂದ ಅವನೊಡನೆ ಕುಳಿತು ಲೆಕ್ಕವನ್ನೇ ನೋಡಿದೆವು. ತಡವಾಗುವುದು ಏಕೆ? ಬಹುಪಾಲು ಸಂದರ್ಭಗಳಲ್ಲಿ ಅಡುಗೆ ಇಳಿಯುವ ಮೊದಲೇ ಹುಡುಗನನ್ನು ಕರೆಸುವುದರಿಂದ, ವಿಳಾಸ ಸರಿಯಿಲ್ಲದಿರುವುದರಿಂದ, ಉಣ್ಣುವವರು ಕರೆಗೆ ಓಗೊಡದಿರುವುದರಿಂದ. ಈ ಮೂರರಲ್ಲಿ ಯಾವುದೂ ಹುಡುಗನ ತಪ್ಪಲ್ಲ, ಕಡಿತ ಮಾತ್ರ ಅವನ ಕೂಲಿಯಲ್ಲಿ. ಮುದ್ದೆ ತೊಳಸುವ ತಾಯಿ ‘ಆಯಿತು’ ಎಂದ ಮೇಲೆಯೇ ಹುಡುಗನಿಗೆ ಕರೆ ಹೋಗುವಂತೆ ಮಾಡಬಹುದು. ‘ಇಪ್ಪತ್ತೇ ನಿಮಿಷ’ ಎಂಬ ಪ್ರತಿಜ್ಞೆಯ ಬದಲಿಗೆ ‘ಮೂವತ್ತರಿಂದ ನಲವತ್ತೈದು ನಿಮಿಷ’ ಎಂಬ ನಿಜವನ್ನೇ ಹೇಳಬಹುದು. 110 ರೂಪಾಯಿಯ ಊಟದಲ್ಲಿ ಅಡುಗೆಯವರಿಗೆ 70, ಒಯ್ಯುವವನಿಗೆ 25, ಸಂಸ್ಥೆಗೆ 15 ಎಂಬ ಅವನ ಲೆಕ್ಕವನ್ನು ಬಿಲ್ಲಿನಲ್ಲಿಯೇ ತೋರಿಸಬಹುದು. ಬೇರೆ ದಾರಿಗಳೇ ಇಲ್ಲವೆನ್ನಲಾಗದು. ಬೆಂಗಳೂರಿನಲ್ಲಿ 2022ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಆಪ್, ಆಟೋ ಚಾಲಕರ ಪ್ರತಿ ಬಾಡಿಗೆಯಲ್ಲಿ ಕಮಿಷನ್ ಕತ್ತರಿಸದೆ, ಅವರಿಂದ ಅಲ್ಪ ಶುಲ್ಕವನ್ನು ಮಾತ್ರ ಪಡೆಯುವ ಕ್ರಮವನ್ನು ತಂದು ಜನಪ್ರಿಯವಾಯಿತು.

ಸಮಾಜವೂ ಈ ಪ್ರಶ್ನೆಯನ್ನು ವ್ಯಕ್ತಿಗಳ ಸದ್ಗುಣಕ್ಕೆ ಮಾತ್ರ ಬಿಟ್ಟಿಲ್ಲ. ಇಂತಹ ವೇದಿಕೆಗಳ ಮೂಲಕ ದುಡಿಯುವವರೂ ಸೇರಿದ ಗಿಗ್ ಕಾರ್ಮಿಕರ ಸಂಖ್ಯೆ 2020–21ರಲ್ಲಿ ದೇಶದಲ್ಲಿ 77 ಲಕ್ಷವೆಂದು ನೀತಿ ಆಯೋಗವು 2022ರಲ್ಲಿ ಅಂದಾಜು ಮಾಡಿತು. ಕರ್ನಾಟಕ ಸರ್ಕಾರವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿಯೇ ಕಾಯಿದೆಯೊಂದನ್ನು ತಂದಿದೆ. ಕಾರ್ಮಿಕರಿಗೆ ಪಾವತಿಯಾಗುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಸಂಗ್ರಹಿಸಲು ಅದು ಅವಕಾಶ ನೀಡುತ್ತದೆ. ಕಾರಣ ತಿಳಿಸದೆ, 14 ದಿನಗಳ ಮುನ್ಸೂಚನೆಯಿಲ್ಲದೆ ಕೆಲಸದಿಂದ ತೆಗೆಯಬಾರದೆನ್ನುತ್ತದೆ. ಯಂತ್ರವು ಕೆಲಸವನ್ನು ಹೇಗೆ ಹಂಚುತ್ತದೆ, ಹೇಗೆ ಅಳೆಯುತ್ತದೆ ಎಂಬುದನ್ನು ದುಡಿಯುವವನಿಗೆ ತಿಳಿಸಬೇಕೆಂದೂ ವಿಧಿಸುತ್ತದೆ. ಕಾನೂನು ಬೇಲಿಯಿದ್ದಂತೆ; ಬೇಲಿಯೊಳಗೆ ಏನನ್ನು ಬೆಳೆಯಬೇಕೆಂಬುದು ಉಳುವವನ ಮನಸ್ಸಿಗೆ ಸೇರಿದ್ದು.

ತರುಣನು ಮೂರು ವಾರಗಳ ಅನಂತರ ಮತ್ತೆ ಬಂದನು. ಒಯ್ಯುವವರ ಭಾಗದಲ್ಲಿ ಅಕ್ಷರಗಳು ದೊಡ್ಡವಾಗಿ ಕನ್ನಡಕ್ಕೆ ತಿರುಗಿದ್ದವು. ಕೆಂಪು ಗಡಿಯಾರ ಹೋಗಿತ್ತು. ಸಂಖ್ಯೆ 7ರ ಜಾಗದಲ್ಲಿ, ಒಪ್ಪಿಗೆ ಕೊಟ್ಟ ತಾಯಂದಿರ ಹೆಸರುಗಳು ಬಂದಿದ್ದವು. ಒಬ್ಬಾಕೆ ತನ್ನ ಹೆಸರು ಬೇಡವೆಂದುದರಿಂದ ಆಕೆಯದು ಸಂಖ್ಯೆಯಾಗಿಯೇ ಉಳಿದಿತ್ತು, ಅದೂ ಸರಿಯೇ. ಮಠದ ಚೌಕ ಖಾಲಿಯಾಗಿತ್ತು. ವಿಳಂಬದ ಕಡಿತವನ್ನು ಮಾತ್ರ ಪೂರ್ತಿಯಾಗಿ ಬಿಡಲು ಗೆಳೆಯರು ಒಪ್ಪಲಿಲ್ಲವಂತೆ. ಹುಡುಗನೇ ಕಾರಣನಾದಲ್ಲಿ, ಅವನ ಸಮಾಧಾನವನ್ನು ಕೇಳಿದ ಮೇಲೆ ಮಾತ್ರ ಕಡಿತವೆಂದು ತೀರ್ಮಾನಿಸಿದ್ದರು. “ಇಷ್ಟು ಮಾತ್ರ ಆಯಿತು, ಬುದ್ಧೀ” ಎಂದನು. ವಿಭೂತಿಯಿಟ್ಟು ಆಶೀರ್ವದಿಸಿ ಕಳುಹಿಸಿದೆವು. ಅವನ ಉದ್ಯಮವು ಏಳುವುದೋ ಬೀಳುವುದೋ ನಾವು ಅರಿಯೆವು. ಅದು ಅವನೊಬ್ಬನ ಕೈಯಲ್ಲಿಯೂ ಇಲ್ಲ; ಊಟ ತರಿಸಿಕೊಳ್ಳುವವರ ಕೈಯಲ್ಲಿಯೂ ಇದೆ.

ಆದುದರಿಂದ ಕಡೆಯ ಮಾತು ಓದುಗರಿಗೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ನಗರಗಳಲ್ಲಿದ್ದೀರಿ. ಕೆಲವರು ಇಂತಹ ಯಂತ್ರಗಳನ್ನು ರೂಪಿಸುತ್ತಿದ್ದೀರಿ, ಬಹುಮಂದಿ ಬಳಸುತ್ತಿದ್ದೀರಿ. ರೂಪಿಸುವವರು, ಉಣ್ಣುವವನಿಗೆ ತೋರುವ ಪುಟವನ್ನೂ ಒಯ್ಯುವವನಿಗೆ ತೋರುವ ಪುಟವನ್ನೂ ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಬಳಸುವವರು, ಹತ್ತು ನಿಮಿಷ ಕಾಯಬಲ್ಲಿರಾದರೆ ಕಾಯಿರಿ. ಮಳೆಯಲ್ಲಿ ಬಂದವನನ್ನು ಜಗಲಿಯಲ್ಲಿ ನಿಲ್ಲಿಸಿ ಒಂದು ಲೋಟ ನೀರು ಕೊಡಿರಿ. ಬಾಗಿಲು ಮುಚ್ಚುವ ಮೊದಲು ಅವನ ಹೆಸರನ್ನು ಕೇಳಿರಿ. ನಮ್ಮ ಮಠದ ಅಡುಗೆಮನೆಯ ಬಾಗಿಲಿನಲ್ಲಿ, ಅಂದಂದು ಅಡುಗೆ ಮಾಡಿದವರ ಮತ್ತು ಬಡಿಸುವವರ ಹೆಸರುಗಳನ್ನು ಹಲಗೆಯ ಮೇಲೆ ಬರೆಯುವ ಕ್ರಮವನ್ನು ಶ್ರಾವಣದಿಂದ ಆರಂಭಿಸಿದ್ದೇವೆ. ಮಕ್ಕಳು ಪ್ರಸಾದಕ್ಕೆ ಕೂರುವ ಮುನ್ನ ಅದನ್ನು ಓದುತ್ತಾರೆ. ನಾವೂ ಓದುತ್ತೇವೆ.

ಸರ್ವರಿಗೂ ಶುಭವಾಗಲಿ.